ಸಮಾಹ್ವಯ: ಉದಕಮಂಡಲದ ಕುದುರೆ ಪಂದ್ಯವನ್ನು ಕುರಿತು

ಬೇಸಗೆಯ ರಜೆಯಲ್ಲಿ ತಾಳವಾಡಿ ಸೀಮೆಯಿಂದ ಉದಕಮಂಡಲದ ಸೋದರಮಾವನ ಮನೆಗೆ ಹೋದಾಗಲೆಲ್ಲ ನಾವು ರೇಸಿನ ಮೈದಾನದ ಬೇಲಿಯ ಹೊರಗೆ ನಿಲ್ಲುತ್ತಿದ್ದೆವು. ಕುದುರೆಗಳು ತಿರುವಿನಲ್ಲಿ ಕಾಣಿಸಿಕೊಂಡೊಡನೆ ಕಾಲ ಕೆಳಗಿನ ನೆಲ ಅದುರುತ್ತಿತ್ತು. ಸವಾರರ ಅಂಗಿಯ ಬಣ್ಣ ನೋಡಿ ತಲೆಗೆ ಹತ್ತು ಕಡಲೆಕಾಯಿ ಪಣವಿಟ್ಟು, ಗೆದ್ದವನು ಎಲ್ಲವನ್ನೂ ಬಾಚಿಕೊಳ್ಳುವುದು ನಮ್ಮ ಕಟ್ಟಳೆ. ಆದರೆ ಅದೇ ಬೇಲಿಯ ಒಳಗೆ ಮಾವನ ನೆರೆಯವರೊಬ್ಬರು ಆಲೂಗಡ್ಡೆ ಮಾರಿದ ಹಣವನ್ನೆಲ್ಲ ಒಂದೇ ಮಧ್ಯಾಹ್ನ ಕಳೆದರು. ಮರುವರ್ಷ ಅವರ ಮಗ ಶಾಲೆಗೆ ಬರಲಿಲ್ಲ. ಈ ಎರಡು ಚಿತ್ರಗಳೇ ಈ ಲೇಖನಕ್ಕೆ ಪ್ರೇರಣೆ.

ಪಂದ್ಯದ ಜೂಜು ಇಂಗ್ಲಿಷರೊಡನೆಯೇ ನಮ್ಮಲ್ಲಿಗೆ ಬಂದಿತೆಂಬುದು ಪೂರ್ಣ ಸತ್ಯವಲ್ಲ. ದಾಳದಂತಹ ನಿರ್ಜೀವ ವಸ್ತುವಿನಿಂದ ಆಡುವುದು ದ್ಯೂತ, ಪ್ರಾಣಿಗಳಿಂದ ಆಡಿಸುವುದು ಸಮಾಹ್ವಯ ಎಂದು ಮನುಸ್ಮೃತಿ ವಿಂಗಡಿಸಿ, ಎರಡನ್ನೂ ನಿಷೇಧಿಸುತ್ತದೆ. ಯಾಜ್ಞವಲ್ಕ್ಯನದು ಬೇರೆ ದಾರಿ. ಜೂಜು ಒಂದೇ ಕಡೆ, ಅಧಿಕಾರಿಗಳ ಕಣ್ಣೆದುರಿಗೆ ನಡೆಯಲಿ. ಕಳ್ಳರನ್ನು ಗುರುತಿಸಲು ಅನುಕೂಲ ಎಂದು ಆತನ ಮತ. ಪಣ ನೂರು ಮುಟ್ಟಿದರೆ ಗೆದ್ದವನಿಂದ ಜೂಜುಕಟ್ಟೆಯವನಿಗೆ ನೂರಕ್ಕೆ 5, ಕಡಮೆಯಾದರೆ ನೂರಕ್ಕೆ 10; ಅದರಲ್ಲಿ ಅರಸನಿಗೂ ಒಂದು ಪಾಲು. ಇದಕ್ಕೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ಕಲ್ಯಾಣದಲ್ಲಿದ್ದವನು. ಸಮಾಹ್ವಯಕ್ಕೆ ಅವನು ಮಲ್ಲ, ಟಗರು, ಕೋಣ ಮೊದಲಾದುವನ್ನು ಉದಾಹರಿಸುತ್ತಾನೆ. ಕುದುರೆಯನ್ನು ಆ 'ಮೊದಲಾದ'ದೊಳಗೆ ನಾವು ಸೇರಿಸಿಕೊಳ್ಳಬಹುದು.

ಉದಕಮಂಡಲದಲ್ಲಿ ಪಂದ್ಯ ಆರಂಭವಾದುದು 1886ರಲ್ಲಿ. ಮದರಾಸಿನ ಸರಕಾರವೇ ಬೇಸಗೆಗೆ ಬೆಟ್ಟವೇರುತ್ತಿದ್ದ ಕಾಲವದು. ವಿನೋದವೂ ಅದರ ಬೆನ್ನು ಹತ್ತಿತು. ಮೈಸೂರಿನ ರೇಸ್ ಕ್ಲಬ್ಬು ಹುಟ್ಟಿದ್ದು ಐದು ವರ್ಷಗಳ ಅನಂತರ, 1891ರಲ್ಲಿ. ಏಳು ಸಾವಿರ ಅಡಿಗೂ ಮೀರಿದ ಎತ್ತರದಲ್ಲಿ ಗಾಳಿ ತೆಳು. ಬಯಲುಸೀಮೆಯಲ್ಲಿ ಗೆದ್ದ ಕುದುರೆ ಇಲ್ಲಿ ಏದುಸಿರು ಬಿಡುವುದುಂಟು. ಕುದುರೆಯ ವಂಶ, ಅಭ್ಯಾಸ, ಹೊತ್ತ ಭಾರ, ಸವಾರನ ಕೈಚಳಕ ಇವನ್ನೆಲ್ಲ ತೂಗಿ ನೋಡಿ ಒಂದನ್ನು ಆರಿಸುವುದರಲ್ಲಿ ಬುದ್ಧಿಗೆ ಕೆಲಸವಿದೆ. ಪಣವಿಟ್ಟವನ ಸಂತೋಷದ ಮುಕ್ಕಾಲು ಪಾಲು ಈ ಊಹೆಯಲ್ಲಿಯೇ ಇದೆ.

ಕಾಯಿದೆಯೂ ಇದೇ ಪ್ರಶ್ನೆಯ ಸುತ್ತ ಸುಳಿಯಿತು. ಜೂಜಿನ ನಿಷೇಧದೊಳಗೆ ಕುದುರೆ ಪಂದ್ಯವನ್ನು ತರಲು ಮದರಾಸು ಪ್ರಾಂತ 1949ರಲ್ಲಿಯೇ ತಿದ್ದುಪಡಿ ಮಾಡಿತಾದರೂ ಬಹುಕಾಲ ಜಾರಿಗೆ ತರಲಿಲ್ಲ. 1974ರಲ್ಲಿ ತಮಿಳುನಾಡು ಸರಕಾರ ಪಂದ್ಯವನ್ನೇ ರದ್ದುಪಡಿಸುವ ಶಾಸನ ಮಾಡಿತು. ನ್ಯಾಯಾಲಯದ ತಡೆಯಾಜ್ಞೆಯಿಂದ ಪಂದ್ಯಗಳು ಮುಂದುವರಿದವು. ಕಡೆಗೆ 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಇದು ಮುಖ್ಯವಾಗಿ ಕೌಶಲದ ಆಟ, ಕೇವಲ ಅದೃಷ್ಟದ್ದಲ್ಲ ಎಂದು ತೀರ್ಪಿತ್ತಿತು.

ತೀರ್ಪಿಗೆ ತಲೆಬಾಗಿಯೂ, ಉಪಾಧ್ಯಾಯರಾದ ನಾವು ಒಂದು ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆಯಬೇಕಾಗಿದೆ. ಟೋಟಿನಲ್ಲಿ ನೂರು ಮಂದಿ ತಲೆಗೆ ಹತ್ತು ರೂಪಾಯಿ ಹಾಕಿದರೆಂದು ಇಟ್ಟುಕೊಳ್ಳೋಣ; ಒಟ್ಟು 1000. ತೆರಿಗೆ, ಕಮಿಷನ್ ಎಂದು 200 ಕಳೆದರೆ ಉಳಿದದ್ದು 800. ಗೆದ್ದವರು ನಾಲ್ವತ್ತು ಮಂದಿಯಾದರೆ ತಲೆಗೆ 20, ನಾಲ್ವರೇ ಆದರೆ ತಲೆಗೆ 200. ಕೌಶಲವುಳ್ಳವನು ಇಲ್ಲದವನ ಹಣವನ್ನು ಗೆಲ್ಲಬಹುದು ನಿಜ. ಆದರೆ ಯಾವ ಕುದುರೆ ಗೆದ್ದರೂ ಆ ನೂರು ಮಂದಿ ಒಟ್ಟಾಗಿ ಇನ್ನೂರು ಸೋತೇ ಮನೆಗೆ ಹೋಗುತ್ತಾರೆ. ಯಾಜ್ಞವಲ್ಕ್ಯನ ಐದು, ಹತ್ತರ ಕಾಲ ಹೋಯಿತು. ಕುದುರೆ ಜೂಜಿನ ಮೇಲೆ 2023ರಲ್ಲಿ ನೂರಕ್ಕೆ 28 ಇದ್ದ ತೆರಿಗೆ 2025ರ ಸೆಪ್ಟೆಂಬರಿನಲ್ಲಿ 40ಕ್ಕೆ ಏರಿತು.

2024ರ ಜುಲೈಯಲ್ಲಿ ಗುತ್ತಿಗೆಯ ಬಾಕಿಯ ಕಾರಣದಿಂದ ಸರಕಾರವು ಉದಕಮಂಡಲದ ಮೈದಾನವನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಸುದ್ದಿಯನ್ನೋದಿ ನಮಗೆ ಸಂತೋಷವೂ ಆಯಿತು, ವ್ಯಸನವೂ ಆಯಿತು. ನೆರೆಯವರ ಮಗನ ನೆನಪಿನಿಂದ ಸಂತೋಷ. ಓಡುವ ಕುದುರೆಯ ಚೆಲುವಿನ ನೆನಪಿನಿಂದ ವ್ಯಸನ. ಜೂಜು ತಪ್ಪೆಂದು ಮಕ್ಕಳಿಗೆ ಬರಿದೆ ಬೋಧಿಸಿದರೆ ಅವರು ಕೇಳರು. ಮೇಲಿನ ಲೆಕ್ಕವನ್ನು ಅವರಿಂದಲೇ ಮಾಡಿಸೋಣ. ಬೇಲಿಯ ಹೊರಗಿನ ನಮ್ಮ ಕಡಲೆಕಾಯಿಯ ಪಣದಲ್ಲಿ ಸೋತವನಿಗೂ ಕುದುರೆಯ ಓಟ ಪೂರ್ತಿ ದಕ್ಕುತ್ತಿತ್ತು, ಮರುದಿನ ಶಾಲೆಯೂ ತಪ್ಪುತ್ತಿರಲಿಲ್ಲ ಎಂಬುದನ್ನೂ ಹೇಳೋಣ.