ಕತಾರ್ ಕಪ್ಪಿಗೆ ಕಾದ ಮಲಬಾರ್

2022ರ ವಿಶ್ವಕಪ್‌ಗೆ ಮುನ್ನ ಕೋಝಿಕ್ಕೋಡ್ ಬಳಿಯ ಪುಳ್ಳಾವೂರಿನ ಹೊಳೆಯಲ್ಲಿ ಮೆಸ್ಸಿಯ ಸುಮಾರು 30 ಅಡಿಯ ಕಟೌಟ್ ಎದ್ದಿತು. ಕೆಲವೇ ದಿನಗಳಲ್ಲಿ ಅದಕ್ಕಿಂತ ಎತ್ತರದ ನೇಮರ್ ಬಂದು ನಿಂತ. ಭಾರತವೇ ಆಡದ ಟೂರ್ನಿಗೆ ಇಷ್ಟು ಸಡಗರವೇಕೆ, ಇದೆಲ್ಲ ಟಿವಿ ಹಚ್ಚಿದ ಗೀಳು ಎನ್ನುವವರಿದ್ದಾರೆ. ಟಿವಿಯ ಪಾಲು ಸುಳ್ಳಲ್ಲ. 1986ರ ಮರಡೋನಾನನ್ನು ಮಲಬಾರ್ ಕಂಡದ್ದು ದೂರದರ್ಶನದಲ್ಲೇ. ಗಲ್ಫಿನಿಂದ ಹೊತ್ತು ತಂದ ಸೆಟ್ಟಿನ ಮುಂದೆ ನೆರೆಹೊರೆಯೆಲ್ಲ ಕೂರುತ್ತಿದ್ದ ಕಾಲವದು. ಆದರೆ ಕೊಯ್ಲಾದ ಗದ್ದೆಯಲ್ಲಿ ತಂಡಕ್ಕೆ ಏಳು ಜನರಂತೆ ಆಡುವ ಸೆವೆನ್ಸ್ ಅದಕ್ಕೂ ಹಳೆಯದು. 1921ರಲ್ಲಿ ಹುಟ್ಟಿದ ಮಲಬಾರ್ ಸ್ಪೆಷಲ್ ಪೊಲೀಸ್ ಪಡೆ ಮಲಪ್ಪುರದಲ್ಲಿ ಫುಟ್ಬಾಲಿಗೆ ಗಟ್ಟಿ ನೆಲೆ ಕೊಟ್ಟಿತ್ತು. ಟಿವಿ ಬಂದಾಗ ಆಟ ತಿಳಿದ ಕಣ್ಣುಗಳು ಅಲ್ಲಿ ಆಗಲೇ ಇದ್ದವು.

ಇನ್ನು, ಟೂರ್ನಿ ನಡೆದ ಕತಾರಿನಲ್ಲೇ ದುಡಿದು ಊರಿಗೆ ಮರಳಿದವನಿಗೆ ಅದು ಪರರ ನಾಡು ಹೇಗಾದೀತು? ಟೂರ್ನಿಯ 8 ಕ್ರೀಡಾಂಗಣಗಳಲ್ಲಿ 7 ಹೊಸದಾಗಿ ಎದ್ದವು. ಆ ಬಿಸಿಲಲ್ಲಿ ಬೆವರು ಹರಿಸಿದವರಲ್ಲಿ ಭಾರತ, ನೇಪಾಳ, ಬಾಂಗ್ಲಾದ ಕೂಲಿಗಳೇ ದೊಡ್ಡ ಪಾಲು. ಜೀವ ತೆತ್ತವರೂ ಇದ್ದಾರೆ. ಹೀಗೆ ದುಡಿದು ಬಂದವನ ಕಾತರವನ್ನು ಎರವಲು ಅಭಿಮಾನ ಎನ್ನುವುದು ಅನ್ಯಾಯ. ನವೆಂಬರ್ 20ರಂದು ಅಲ್ ಬೈತ್ ಅಂಗಳದಲ್ಲಿ ಮೊದಲ ಚೆಂಡು ಉರುಳಿದಾಗ ಮಲಬಾರಿನಲ್ಲಿ ರಾತ್ರಿ ಒಂಬತ್ತೂವರೆ.