ರೇಷ್ಮೆ ಸೀಮೆಯ ಮನೆಗಳಲ್ಲಿ ಗಬ್ಬದ ಬೆಕ್ಕು ಮತ್ತು ಎಳೆಮರಿಗಳ ಆರೈಕೆ

ಸ್ಕಂದಗಿರಿಯ ತಪ್ಪಲಿನಿಂದ ಶಿಡ್ಲಘಟ್ಟ, ಚಿಂತಾಮಣಿಗಳವರೆಗೆ ರೇಷ್ಮೆ ಬೆಳೆಯುವ ಮನೆಗಳಲ್ಲಿ ಬೆಕ್ಕಿಗೆ ಒಂದು ಕೆಲಸವಿದೆ. ಹುಳುಗಳಿಗೂ ಗೂಡುಗಳಿಗೂ ಬಾಯಿ ಹಾಕುವ ಇಲಿಗಳನ್ನು ಅದು ದೂರವಿಡುತ್ತದೆ. ಆದರೆ ಹುಳುವಿನ ರಕ್ಷಣೆಗೆಂದು ಅದೇ ಮನೆಯಲ್ಲಿ ಬಳಸುವ ಸೋಂಕುನಿವಾರಕಗಳು ಮತ್ತು ಇಲಿ ಪಾಷಾಣ, ಗಬ್ಬದ ಬೆಕ್ಕಿಗೂ ಅದರ ಮರಿಗಳಿಗೂ ಪ್ರಾಣಾಪಾಯ ತರಬಲ್ಲವು. ಆದ್ದರಿಂದ ಈ ಭಾಗದಲ್ಲಿ ಬೆಕ್ಕಿನ ಬಾಣಂತನಕ್ಕೆ ಮುಂಚಿತವಾದ ಸಿದ್ಧತೆ ಅಗತ್ಯ.

ಗಬ್ಬದ ಅವಧಿ

ಬೆಕ್ಕಿನ ಗಬ್ಬದ ಅವಧಿ ಸುಮಾರು 63ರಿಂದ 65 ದಿನಗಳು, ಅಂದರೆ ಒಂಬತ್ತು ವಾರಗಳು. ಮೂರನೆಯ ವಾರದಲ್ಲಿ ಮೊಲೆತೊಟ್ಟುಗಳು ಉಬ್ಬಿ ಕೆಂಪಾಗುತ್ತವೆ. ಐದನೆಯ ವಾರದ ಹೊತ್ತಿಗೆ ಹೊಟ್ಟೆ ತುಂಬಿದಂತೆ ಕಾಣುತ್ತದೆ. ಮರಿಗಳನ್ನು ಎಣಿಸಲೆಂದು ಹೊಟ್ಟೆಯನ್ನು ಒತ್ತಿ ನೋಡಬಾರದು.

ಬೆಕ್ಕು ಮಾಂಸಾಹಾರಿ. ಮುದ್ದೆ, ಹಾಲು, ಅನ್ನಗಳಷ್ಟರಿಂದಲೇ ಅದರ ದೇಹ ಮರಿಗಳನ್ನು ಬೆಳೆಸಲಾರದು. ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿಮಾಂಸ ಅಥವಾ ಮೀನನ್ನು ದಿನಕ್ಕೆ ಮೂರು ನಾಲ್ಕು ಬಾರಿ ಸ್ವಲ್ಪಸ್ವಲ್ಪವಾಗಿ ಕೊಡಬೇಕು. ಬೆಕ್ಕಿನ ಮರಿಗಳಿಗೆಂದೇ ತಯಾರಾದ ಆಹಾರ ದೊರೆತರೆ ಇನ್ನೂ ಒಳ್ಳೆಯದು. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ಕೂಡದು. ಅವು ಬೆಕ್ಕಿನ ರಕ್ತಕಣಗಳನ್ನು ಹಾಳುಮಾಡುತ್ತವೆ.

ಹುಳು ಮನೆಯ ಅಪಾಯಗಳು

ರೇಷ್ಮೆ ಹುಳು ಮೊಟ್ಟೆಯೊಡೆದು ಗೂಡು ಕಟ್ಟುವವರೆಗೆ ಹಿಡಿಯುವ ಕಾಲ ಸುಮಾರು 25 ದಿನಗಳು. ಹೀಗಾಗಿ ಬೆಕ್ಕಿನ ಗಬ್ಬ ಮತ್ತು ಬಾಣಂತನದ ನಡುವೆ ಹುಳು ಮನೆಯ ಶುದ್ಧೀಕರಣದ ಸರದಿ ಒಮ್ಮೆಯಾದರೂ ಬರುವುದು ಸಾಮಾನ್ಯ. ಬ್ಲೀಚಿಂಗ್ ಪುಡಿ, ಸುಣ್ಣ, ಫಾರ್ಮಲಿನ್ ಮುಂತಾದವುಗಳ ಹಬೆ ಮತ್ತು ಧೂಳು ಕಣ್ಣು, ಶ್ವಾಸಕೋಶಗಳನ್ನು ಸುಡುತ್ತವೆ. ಪಾದಕ್ಕೆ ಅಂಟಿದ ಪುಡಿಯನ್ನು ಬೆಕ್ಕು ನೆಕ್ಕಿ ನುಂಗುತ್ತದೆ. ಮದ್ದು ಹೊಡೆಯುವ ಮೊದಲು ಚಂದ್ರಿಕೆಗಳ ಹಿಂದೆ, ಅಟ್ಟದ ಮೇಲೆ ಮರಿಗಳಿವೆಯೇ ಎಂದು ನೋಡಬೇಕು. ವಾಸನೆ ಪೂರ್ತಿ ಆರುವವರೆಗೆ ಬಾಗಿಲು ಮುಚ್ಚಿರಬೇಕು.

ಪಾಷಾಣ ತಿಂದ ಇಲಿಯನ್ನು ಹಿಡಿದು ತಿಂದ ಬೆಕ್ಕಿಗೂ ವಿಷ ಏರಬಹುದು. ತಾಯಿ ಸತ್ತರೆ ಹಾಲು ಕುಡಿಯುವ ಮರಿಗಳೂ ಉಳಿಯುವುದು ಕಷ್ಟ. ಬೆಕ್ಕಿರುವ ಮನೆಯಲ್ಲಿ ಪಾಷಾಣದ ಬದಲು ಇಲಿಬೋನು ಬಳಸುವುದೇ ಕ್ಷೇಮ.

ಹೆರಿಗೆ

ದಿನ ಸಮೀಪಿಸಿದಂತೆ ಬೆಕ್ಕು ಕತ್ತಲೆಯ ಮೂಲೆ ಹುಡುಕುತ್ತದೆ. ಹುಳು ಮನೆಯಿಂದ ದೂರವಾದ, ಜನರ ಓಡಾಟವಿಲ್ಲದ ಕಡೆ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಹತ್ತಿಬಟ್ಟೆ ಹಾಸಿ, ಒಂದೆರಡು ವಾರ ಮೊದಲೇ ಇಡಬೇಕು.

ಬಹುಪಾಲು ಬೆಕ್ಕುಗಳು ತಾವೇ ಮರಿ ಹಾಕಿ, ಪೊರೆ ನೆಕ್ಕಿ, ಹೊಕ್ಕುಳಬಳ್ಳಿ ಕಚ್ಚಿ ತುಂಡರಿಸುತ್ತವೆ. ತಾಯಿ ಪೊರೆ ತೆಗೆಯದಿದ್ದರೆ ಮಾತ್ರ ಶುಭ್ರವಾದ ಬಟ್ಟೆಯಿಂದ ಮರಿಯ ಮೂಗು, ಬಾಯಿ ಒರೆಸಿ ಮೈ ಉಜ್ಜಬೇಕು. ಅರ್ಧ ಗಂಟೆ ಬಲವಾಗಿ ಮುಕ್ಕಿದರೂ ಮರಿ ಹೊರಬರದಿದ್ದರೆ, ರಕ್ತ ನಿಲ್ಲದೆ ಹರಿದರೆ ಕೂಡಲೇ ಪಶುವೈದ್ಯರ ಬಳಿಗೆ ಒಯ್ಯಬೇಕು. ಸಿಕ್ಕಿಕೊಂಡ ಮರಿಯನ್ನು ಎಳೆಯಬಾರದು.

ಎಳೆಮರಿಗಳು

ಹುಟ್ಟಿದ ಮರಿ ಸುಮಾರು 100 ಗ್ರಾಂ ತೂಗುತ್ತದೆ. ಮೊದಲ ದಿನವೇ ತಾಯಿಯ ಗಿಣ್ಣುಹಾಲು ಸಿಗಬೇಕು. ರೋಗನಿರೋಧಕ ಶಕ್ತಿ ಅದರಿಂದಲೇ ಬರುತ್ತದೆ. ದಿನಕ್ಕೆ 10ರಿಂದ 15 ಗ್ರಾಂ ತೂಕ ಹೆಚ್ಚುವುದು ಆರೋಗ್ಯದ ಲಕ್ಷಣ. ಕಣ್ಣು ತೆರೆಯಲು ಒಂದರಿಂದ ಎರಡು ವಾರ ಬೇಕು.

ಎಳೆಮರಿಗೆ ತನ್ನ ಮೈಶಾಖವನ್ನು ತಾನೇ ಕಾಯ್ದುಕೊಳ್ಳಲಾಗದು. ಚಳಿಗಾಲದ ಮುಂಜಾನೆ ಸ್ಕಂದಗಿರಿಯ ಸುತ್ತ ಮಂಜು ಕವಿಯುವ ಹೊತ್ತು ಅವುಗಳಿಗೆ ಕಠಿಣ. ಬೆಚ್ಚನೆಯ ನೀರು ತುಂಬಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಒಂದು ಬದಿಗೆ ಇಡಬಹುದು. ಬಿಸಿ ಹೆಚ್ಚಾದರೆ ಸರಿದು ಹೋಗಲು ಇನ್ನೊಂದು ಬದಿ ಖಾಲಿ ಇರಲಿ.

ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂಬ ಮಾತಿದೆ. ಸದ್ದು, ಬೆಳಕು, ಅಪರಿಚಿತರ ಮುಟ್ಟುವಿಕೆಗಳಿಂದ ಆತಂಕಗೊಂಡಾಗ ತಾಯಿ ಜಾಗ ಬದಲಿಸುವುದುಂಟು. ಕಾಣೆಯಾದ ತಾಯಿ ಬೇಟೆಗೆ ಹೋಗಿರಬಹುದು. ಮರಿಗಳು ಬೆಚ್ಚಗಿದ್ದರೆ ಕೆಲವು ಗಂಟೆ ಕಾಯಬೇಕು. ನಿಜವಾಗಿಯೂ ತಬ್ಬಲಿಯಾದ ಮರಿಗೆ ಹಸುವಿನ ಹಾಲು ಹೊಂದದು, ಭೇದಿಯಾಗುತ್ತದೆ. ಬೆಕ್ಕಿನ ಮರಿಗಳ ಹಾಲಿನ ಪುಡಿಯನ್ನು ಕಲಸಿ, ಮರಿಯನ್ನು ಹೊಟ್ಟೆಯ ಮೇಲೆ ಮಲಗಿಸಿ, ಎರಡು ಮೂರು ಗಂಟೆಗೊಮ್ಮೆ ಕುಡಿಸಬೇಕು. ಪ್ರತಿ ಬಾರಿಯೂ ಒದ್ದೆ ಹತ್ತಿಯಿಂದ ಹಿಂಬದಿ ಒರೆಸಿದರೆ ಮಾತ್ರ ಮಲಮೂತ್ರ ವಿಸರ್ಜನೆಯಾಗುತ್ತದೆ.

ಔಷಧ ಮತ್ತು ಮುಂದಿನ ಕ್ರಮ

ಜ್ವರವೆಂದು ಪ್ಯಾರಾಸಿಟಮಾಲ್ ಕೊಡಬಾರದು. ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ನಾಯಿಗಳಿಗೆ ಹಚ್ಚುವ ಪರ್ಮೆಥ್ರಿನ್ ಬೆರೆತ ಉಣ್ಣೆ ಔಷಧವೂ ವಿಷವೇ. ಹಾಲೂಡುವ ತಾಯಿಗೆ ನಡುಕ ಕಂಡರೆ ಸುಣ್ಣದಂಶದ ಕೊರತೆಯಿರಬಹುದು. ತಕ್ಷಣ ಚಿಕಿತ್ಸೆ ಬೇಕು. ಗರ್ಭಿಣಿಯರು ಬೆಕ್ಕಿನ ಮಲ ಶುಚಿಗೊಳಿಸುವ ಕೆಲಸವನ್ನು ಬೇರೆಯವರಿಗೆ ಬಿಡುವುದು ಒಳಿತು.

ಮರಿಗಳಿಗೆ ನಾಲ್ಕನೆಯ ವಾರದಿಂದ ಮೆತ್ತನೆಯ ಆಹಾರ ರೂಢಿಸಿ, ಎಂಟು ವಾರ ತುಂಬುವ ಮೊದಲು ತಾಯಿಯಿಂದ ಬೇರ್ಪಡಿಸದಿರುವುದು ಸೂಕ್ತ. ಜಂತುಹುಳುವಿನ ಔಷಧವನ್ನು ವೈದ್ಯರ ಸಲಹೆಯಂತೆ ಮೂರನೆಯ ವಾರದಿಂದ ಕೊಡಬಹುದು. ಮೂರು ತಿಂಗಳಿಗೆ ರೇಬೀಸ್ ಲಸಿಕೆ ಹಾಕಿಸಬೇಕು. ಹಾಲೂಡುತ್ತಿರುವಾಗಲೇ ತಾಯಿ ಮತ್ತೆ ಬೆದೆಗೆ ಬರಬಹುದು. ಮರಿಗಳು ಹಾಲು ಬಿಟ್ಟ ಮೇಲೆ ಅದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ, ಸಾಕಲಾಗದ ಮರಿಗಳನ್ನು ಊರಾಚೆ ಬಿಟ್ಟುಬರುವ ಪ್ರಸಂಗ ಒದಗುವುದಿಲ್ಲ. ಶಸ್ತ್ರಚಿಕಿತ್ಸೆಯಾದ ಬೆಕ್ಕೂ ಇಲಿ ಹಿಡಿಯುತ್ತದೆ.