ಕರಲು ಮಣ್ಣು ಹೊತ್ತ ಮಾಳಿಗೆಗಳು

ಹಿರಿಯೂರಿನಲ್ಲಾಗಲಿ ಹೊಳಲ್ಕೆರೆಯಲ್ಲಾಗಲಿ, ಮನೆ ಕಟ್ಟಿಸುವವರನ್ನು ಕಾಂಕ್ರೀಟ್ ಹಾಕಿಸಿದ ಮೇಲೂ ಒಂದು ಪ್ರಶ್ನೆ ಕಾಡುತ್ತದೆ. ತಾರಸಿಯ ಮೇಲೆ ಏನು ಹಾಸಬೇಕು? ಬರಿಯ ಸಿಮೆಂಟ್ ಗಿಲಾವು ಸಾಕು ಎನ್ನುತ್ತಾನೆ ಒಬ್ಬ ಮೇಸ್ತ್ರಿ. ಸುಟ್ಟ ಮಣ್ಣಿನ ಬಿಲ್ಲೆ ಹಾಕಿಸಿ ಎನ್ನುತ್ತಾನೆ ಇನ್ನೊಬ್ಬ. ಬಿಳಿಯ ಪಿಂಗಾಣಿ ಚೂರು, ಬಿಸಿಲು ತಡೆಯುವ ಬಣ್ಣ, ಡಾಂಬರಿನ ಹಾಳೆ, ಕೊನೆಗೆ ಎಲ್ಲದರ ಮೇಲೆ ತಗಡಿನ ಶೀಟು - ಅಂಗಡಿಗಳಲ್ಲಿ ಆಯ್ಕೆಗೇನೂ ಬರವಿಲ್ಲ. ಆದರೆ ಚಿತ್ರದುರ್ಗದ ಸೀಮೆಗೆ ಈ ಪ್ರಶ್ನೆ ಹೊಸದಲ್ಲ. ಚಪ್ಪಟೆ ಸೂರಿನ ಕೆಳಗೆ ತಲೆತಲಾಂತರದಿಂದ ಬಾಳಿದ ಜನ ಇಲ್ಲಿನವರು. ಅವರು ಕಂಡುಕೊಂಡ ಉತ್ತರ ಮೇಲುನೋಟಕ್ಕೆ ವಿಚಿತ್ರವೆನಿಸುತ್ತದೆ. ಹೊಲದಲ್ಲಿ ಯಾವ ಮಣ್ಣನ್ನು ಶಪಿಸುತ್ತಿದ್ದರೋ ಅದೇ ಮಣ್ಣನ್ನು ಹೊತ್ತು ತಂದು ಮನೆಯ ನೆತ್ತಿಯ ಮೇಲೆ ಹರಡುತ್ತಿದ್ದರು.

'ಮಾಳಿಗೆ' ಎಂದರೆ ಕರಾವಳಿಯವರಿಗೆ ಮಹಡಿ. ದುರ್ಗದ ಕಡೆ ಮಾಳಿಗೆ ಮನೆಯೆಂದರೆ ಮಹಡಿಯಿಲ್ಲದ, ಮಣ್ಣು ಹೊದಿಸಿದ ಮಟ್ಟಸ ಸೂರಿನ ಮನೆ. ಇದರ ಹಿಂದಿರುವುದು ಮಳೆಯ ಲೆಕ್ಕಾಚಾರ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆಯಾದರೆ, ಹಿರಿಯೂರಿನ ಸರಾಸರಿ 600 ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಮಲೆನಾಡಿನ ಸೂರು ನೀರನ್ನು ಕ್ಷಣಮಾತ್ರವೂ ನಿಲ್ಲಗೊಡದೆ ಜಾರಿಸಬೇಕು. ಇಲ್ಲಿಯ ಸೂರಿಗೆ ಮಳೆಗಿಂತ ಬಿಸಿಲೇ ದೊಡ್ಡ ಶತ್ರು. ಅಡಿಕೆ, ತೆಂಗಿನ ತೋಟಗಳಿರುವ ಹೊಳಲ್ಕೆರೆ, ಹೊಸದುರ್ಗಗಳ ಪಡುವಣ ಹಳ್ಳಿಗಳಿಗೆ ಬಂದರೆ ಇಳಿಜಾರಾದ ಹೆಂಚಿನ ಮನೆಗಳು ಹೆಚ್ಚು ಕಾಣುತ್ತವೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಆ ಬಗೆಯ ಹೆಂಚು ನಾಡಿನಾದ್ಯಂತ ಹರಡಿತು. ಆದರೂ ಮೂಡಣ ಬಯಲಿನಲ್ಲಿ ಮಾಳಿಗೆ ಬಹುಕಾಲ ಜಗ್ಗಲಿಲ್ಲ.

ಮಾಳಿಗೆಯ ರಚನೆ ಹೀಗೆ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಒತ್ತೊತ್ತಾಗಿ ಜಂತೆ. ಈ ಸೀಮೆಯ ಒಣಕಾಡಿನ ಕಮರದ ಮರ ಕಬ್ಬಿಣದಷ್ಟು ಭಾರ, ಗೆದ್ದಲಿಗೂ ಸುಲಭಕ್ಕೆ ಬಗ್ಗದು. ಅದು ಸಿಗದವರು ಬೇವಿಗೋ ಜಾಲಿಗೋ ತೃಪ್ತಿಪಡುತ್ತಿದ್ದರು. ಜಂತೆಯ ಮೇಲೆ ಹಲಗೆ ಅಥವಾ ಸೀಳಿದ ಕಟ್ಟಿಗೆ, ಅದರ ಮೇಲೆ ಲಕ್ಕಿ, ಬಂದರೆ ಮುಂತಾದ ಸೊಪ್ಪಿನ ಹಾಸು. ಬಳಿಕ ಕಲಸಿದ ಕೆಸರು ಮಣ್ಣು. ಅದು ಆರಿದ ಮೇಲೆ ಕಟ್ಟಕಡೆಯ ಹೊದಿಕೆಯಾಗಿ ಕರಲು ಮಣ್ಣು. ನೀರು ಹರಿದುಹೋಗಲು ಕಣ್ಣಿಗೆ ಕಂಡೂ ಕಾಣದಷ್ಟು ಓಟ ಕೊಟ್ಟು, ಅಂಚಿನಲ್ಲಿ ಮರದ ಇಲ್ಲವೆ ಕಲ್ಲಿನ ದೋಣಿ ಇಡುತ್ತಿದ್ದರು. ಒಳಗಿನ ಕತ್ತಲಿಗೆ ನಡುವೆ ಒಂದು ಬೆಳಕಿಂಡಿ. ಮಳೆ ಬಂತೆಂದರೆ ಯಾರಾದರೂ ಏಣಿ ಹತ್ತಿ ಓಡಿ ಅದನ್ನು ಮುಚ್ಚಬೇಕು.

ಇಷ್ಟೆಲ್ಲದರಲ್ಲಿ ನೀರನ್ನು ತಡೆಯುವುದು ಆ ಕೊನೆಯ ಪದರ ಒಂದೇ. ಕರಲು, ಚೌಳು, ಸೌಳು ಎಂದು ಬೇರೆ ಬೇರೆ ಕಡೆ ಕರೆಯುವ ಈ ಮಣ್ಣಿನ ಮೇಲೆ ಬೇಸಿಗೆಯಲ್ಲಿ ಬೆಳ್ಳಗೆ ಉಪ್ಪು ಮೂಡಿರುತ್ತದೆ. ಬಿತ್ತಿದ್ದು ಹುಟ್ಟುವುದಿಲ್ಲ, ಹುಟ್ಟಿದ್ದು ಬೆಳೆಯುವುದಿಲ್ಲ. ಅಗಸರು ಬಟ್ಟೆಯ ಕೊಳೆ ತೆಗೆಯಲು ಇದನ್ನು ಬಳಸುತ್ತಿದ್ದರು. ಇಂಥ ಮಣ್ಣನ್ನು ನೀರಿನಲ್ಲಿ ಕದಡಿ, ಬಸಿದು ಉಪ್ಪು ತೆಗೆಯುವುದು ಉಪ್ಪಾರರ ಕುಲಕಸುಬಾಗಿತ್ತು. ಇದರಲ್ಲಿರುವ ಸೋಡಿಯಂ ಜೇಡಿಯ ಗುಣವನ್ನೇ ಬದಲಿಸುತ್ತದೆ. ನೀರು ತಾಗಿದೊಡನೆ ಜೇಡಿ ಉಬ್ಬುತ್ತದೆ, ಅದರ ಕಣಗಳು ಬಿಡಿಬಿಡಿಯಾಗಿ ಸಂದುಗಳಲ್ಲಿ ಸೇರಿ ದಾರಿ ಮುಚ್ಚುತ್ತವೆ. ಹೊಲದಲ್ಲಿ ಇದು ಶಾಪ. ಬಿದ್ದ ನೀರು ಬೇರಿಗೆ ಇಳಿಯದೆ ಮೇಲೆಯೇ ನಿಲ್ಲುತ್ತದೆ. ಮಾಳಿಗೆಯ ಮೇಲೆ ಬೇಕಾದದ್ದು ಅದೇ ತಾನೆ! ಮೇಲಾಗಿ ಹುಲ್ಲು ಬೆಳೆಯುವುದಿಲ್ಲವಾದ್ದರಿಂದ ಬೇರು ಇಳಿದು ಸೂರು ಬಿರುಕು ಬಿಡುವ ಭಯವೂ ಇಲ್ಲ. ಎರೆ ಮಣ್ಣೂ ಒದ್ದೆಯಾದಾಗ ಉಬ್ಬುತ್ತದೆ, ಆದರೆ ಒಣಗಿದಾಗ ಕೈ ತೂರುವಷ್ಟು ಬಾಯಿಬಿಡುತ್ತದೆ. ಕೆಂಪು ಮಣ್ಣು ನೀರು ಕುಡಿಯುತ್ತದೆ, ಜೋರು ಮಳೆಗೆ ಕೊಚ್ಚಿಹೋಗುತ್ತದೆ. ಪ್ರಯೋಗಶಾಲೆಯ ನೆರವಿಲ್ಲದೆ ನಡೆದ ಆಯ್ಕೆ ಇದು.

ಹಾಗೆಂದು ಮಣ್ಣಿನ ಮಾಳಿಗೆಯನ್ನು ಕೊಂಡಾಡಿ ಸುಮ್ಮನಾಗುವುದು ನ್ಯಾಯವಲ್ಲ. ಅದು ಒಮ್ಮೆ ಹಾಕಿ ಮರೆಯುವ ಹೊದಿಕೆಯಲ್ಲ. ಪ್ರತಿ ವರ್ಷ ಮುಂಗಾರಿಗೆ ಮೊದಲು ಹೊಸ ಮಣ್ಣು ಹರಡಬೇಕು, ತುಳಿಯಬೇಕು, ಇಲಿ ತೋಡಿದ ಬಿಲ ಮುಚ್ಚಬೇಕು. ದುಡಿಯುವವರು ಗುಳೆ ಹೋಗಿ ಎರಡು ಮಳೆಗಾಲ ಬಾರದಿದ್ದರೆ ಮನೆಯ ಕತೆ ಮುಗಿದಂತೆ. ಇನ್ನೊಂದು ಅಪಾಯ ಆ ಆರೈಕೆಯಲ್ಲಿಯೇ ಅಡಗಿತ್ತು. ಇಪ್ಪತ್ತು ಅಡಿಗೆ ಹದಿನೈದು ಅಡಿಯ ಒಂದು ಅಂಕಣದ ಮೇಲೆ ಅರ್ಧ ಅಡಿ ಮಣ್ಣಿದ್ದರೂ ಅದರ ತೂಕ ಸುಮಾರು 7 ಟನ್. ಹಳೆಯದನ್ನು ಕೆರೆದು ತೆಗೆಯದೆ ವರ್ಷವರ್ಷವೂ ಹೊಸದನ್ನು ಸುರಿದರೆ ಹೊರೆ ಏರುತ್ತ ಹೋಗುತ್ತದೆ. ತೊಲೆಯ ತುದಿ ಗೋಡೆಯೊಳಗೆ ಲಡ್ಡಾಗಿರುವುದು ಯಾರಿಗೂ ಕಾಣುವುದಿಲ್ಲ. ವಾರಗಟ್ಟಲೆ ಜಡಿಮಳೆ ಹಿಡಿದಾಗ ನೆನೆದ ಮಣ್ಣಿನ ಭಾರವೂ ಸೇರಿ, ರಾತ್ರಿ ಮಲಗಿದವರ ಮೇಲೆ ಸೂರು ಕುಸಿಯುತ್ತದೆ. 2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ 1933ರ ಬಳಿಕ ಮೊದಲ ಬಾರಿಗೆ ಕೋಡಿ ಬಿದ್ದದ್ದು ಎಲ್ಲರಿಗೂ ನೆನಪಿದೆ. ಜಲಾಶಯಕ್ಕೆ ಭದ್ರೆಯ ನೀರೂ ಸೇರಿತ್ತೆನ್ನಿ. ಆದರೂ ಅಂಥ ಮಳೆಗಾಲ ಮಣ್ಣಿನ ಮಾಳಿಗೆಗೆ ಹೇಳಿ ಮಾಡಿಸಿದ್ದಲ್ಲ.

ಚಿತ್ರದುರ್ಗದ ಕೋಟೆಯೊಳಗೆ ಟಂಕಸಾಲೆಯೆಂದು ತೋರಿಸುವ ಕಟ್ಟಡದಲ್ಲಿ ಎತ್ತರದ ಮಣ್ಣಿನ ಗೋಡೆಗಳು ಇನ್ನೂ ನಿಂತಿವೆ. 1779ರಲ್ಲಿ ದುರ್ಗ ಹೈದರನ ವಶವಾಯಿತು, ನಾಯಕರ ಆಳ್ವಿಕೆ ಮುಗಿಯಿತು. ಗೋಡೆ ಉಳಿದರೂ ಮಾಳಿಗೆ ಉಳಿಯಲಿಲ್ಲ. ಕಟ್ಟಡದಲ್ಲಿ ಮೊದಲು ಸಾಯುವುದು ಸೂರೇ. ಅಲ್ಲಿನ ದೇವಾಲಯಗಳ ಕಲ್ಲುಚಪ್ಪಡಿಯ ಮಾಡು ಮಾತ್ರ ಅಂಜದೆ ನಿಂತಿದೆ.

ಮಣ್ಣಿಗೂ ಕಾಂಕ್ರೀಟಿಗೂ ನಡುವೆ ಗಾರೆಯ ಕಾಲವೊಂದಿತ್ತು. 1907ರಲ್ಲಿ ಮುಗಿದ ಮಾರಿಕಣಿವೆಯ ಅಣೆಕಟ್ಟೆಯ ಕಲ್ಲುಗಳನ್ನು ಹಿಡಿದಿಟ್ಟಿರುವುದು ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯೇ. ಉಳ್ಳವರ ಮನೆಗಳಿಗೂ ಸರ್ಕಾರಿ ಕಟ್ಟಡಗಳಿಗೂ ಇದೇ ಬಳಗದ ಮದ್ರಾಸ್ ತಾರಸಿ ಬಂತು. ಮರದ ಜಂತೆಗಳ ಮೇಲೆ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದಲ್ಲಿ ಕೂರಿಸುವುದು, ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಮಿಶ್ರಣ ಹರಡಿ ಮರದ ಹಲಗೆಗಳಿಂದ ದಿನಗಟ್ಟಲೆ ಬಡಿಯುವುದು. ಬಡಿಯುವಾಗ ಅಳಲೆಕಾಯಿ ನೆನೆಸಿದ ನೀರನ್ನೂ ಬೆಲ್ಲದ ನೀರನ್ನೂ ಚಿಮುಕಿಸುತ್ತಿದ್ದರು. ಎತ್ತು ಕಟ್ಟಿ ಗಾರೆ ಅರೆಯುತ್ತಿದ್ದ ಗಾಣದ ಕಲ್ಲುಚಕ್ರಗಳು ಈಗಲೂ ಅಲ್ಲಲ್ಲಿ ಅನಾಥವಾಗಿ ಬಿದ್ದಿರುವುದುಂಟು. ಇಂದು ಕಾಂಕ್ರೀಟಿನ ಮೇಲೆ ಹಾಸುವ ಇಟ್ಟಿಗೆ ಜಲ್ಲಿ ಸುಣ್ಣದ ಪದರ ಆ ಮದ್ರಾಸ್ ತಾರಸಿಯ ವಂಶದ್ದೇ.

ಕಾಂಕ್ರೀಟ್ ಬಂದಾಗ ಜನ ಸಂಭ್ರಮಿಸಿದ್ದರಲ್ಲಿ ತಪ್ಪಿಲ್ಲ. ಇಲಿ ಇಲ್ಲ, ಗೆದ್ದಲಿಲ್ಲ, ಮುಂಗಾರಿಗೆ ಮೊದಲು ಮಣ್ಣು ಹೊರುವ ಪಾಡಿಲ್ಲ. ಆದರೆ ಅದರೊಂದಿಗೆ ಮಾಳಿಗೆ ಹತ್ತಿ ನೋಡುವ ಅಭ್ಯಾಸವೂ ಹೋಯಿತು. ಪ್ಯಾರಾಪೆಟ್ ಗೋಡೆ ತಾರಸಿಗೆ ಕೂಡುವ ಮೂಲೆಯಲ್ಲಿ ಕೂದಲೆಳೆಯ ಬಿರುಕು ಸಾಕು, ನೀರು ಕಂಬಿಗೆ ತಲುಪುತ್ತದೆ. ಕಂಬಿ ತುಕ್ಕು ಹಿಡಿದಾಗ ಹಿಗ್ಗಿ ಕಾಂಕ್ರೀಟನ್ನೇ ಒಡೆದು ಉದುರಿಸುತ್ತದೆ. ಬಿಸಿಲಿನ ಸಂಗತಿಯಂತೂ ಹಿರಿಯೂರಿನವರಿಗೆ ಹೇಳಿಕೊಡಬೇಕಾಗಿಲ್ಲ. ನಾಲ್ಕೈದು ಅಂಗುಲದ ಬರಿಯ ಕಾಂಕ್ರೀಟ್ ಹಗಲೆಲ್ಲ ಕಾದು, ಮಲಗುವ ಹೊತ್ತಿಗೆ ಆ ಕಾವನ್ನು ಒಳಗೆ ಬಿಡುತ್ತದೆ. ದಪ್ಪ ಮಣ್ಣಿನ ಕೆಳಗೆ ಮಲಗಿದ ತಲೆಮಾರಿಗೆ ಈ ಸಂಕಟ ಗೊತ್ತಿರಲಿಲ್ಲ.

ಆದ್ದರಿಂದ ಮೇಸ್ತ್ರಿ ಮುಂದಿಡುವ ಆಯ್ಕೆಗಳನ್ನು ತೂಗುವಾಗ ಬೆಲೆಯೊಂದನ್ನೇ ನೋಡಬಾರದು. ಡಾಂಬರಿನ ಕಪ್ಪು ಹಾಳೆ ನೀರು ತಡೆದೀತು, ಆದರೆ ಈ ಬಯಲಿನಲ್ಲಿ ಅದನ್ನು ಬರಿದಾಗಿ ಬಿಸಿಲಿಗೆ ಹಾಸುವುದು ಒಲೆ ಹೊತ್ತಿಸಿದಂತೆ. ಬಿಳಿಯ ಪಿಂಗಾಣಿ ಚೂರು ಬಿಸಿಲನ್ನು ತಿರುಗಿಸಿ ಕಳುಹಿಸುತ್ತದೆ. ಬಿಳಿ ಬಣ್ಣವೂ ಆ ಕೆಲಸ ಮಾಡುತ್ತದೆ, ಧೂಳು ಕೂತು ಮಾಸಿದ ಮೇಲೆ ಮತ್ತೆ ಬಳಿಯಲು ಆಳು ಬೇಕು. ಸುಣ್ಣ ಜಲ್ಲಿಯ ಪದರ, ಅದರ ಮೇಲೆ ಮಣ್ಣಿನ ಬಿಲ್ಲೆ ಹಾಕಿಸಿದವರಿಗೆ ಖರ್ಚು ಹೆಚ್ಚು, ಕಾವು ಕಡಿಮೆ. ಅದರ ಭಾರವನ್ನು ಮಾತ್ರ ಮೊದಲೇ ಲೆಕ್ಕ ಹಾಕಿಸಿರಬೇಕು. ಹೊಳಲ್ಕೆರೆಯ ಕಡೆಯವರು ಮೊದಲು ನೀರಿನ ಓಟವನ್ನು ಗಮನಿಸಲಿ, ಹಿರಿಯೂರಿನವರು ಬಿಸಿಲನ್ನು. ಯಾವುದನ್ನೇ ಹಾಕಿಸಿದರೂ ಮೇ ತಿಂಗಳಲ್ಲಿ ಒಮ್ಮೆ ಮೇಲೆ ಹತ್ತಿ ನೀರಿನ ಕೊಳವೆಯ ಬಾಯಿಗೆ ಕೂತ ಎಲೆ ಕಸ ತೆಗೆಯುವ ಕೆಲಸ ತಪ್ಪುವುದಿಲ್ಲ.

ಹಳೆಯ ಮಾಳಿಗೆ ಮನೆಗಳನ್ನು ಕೆಡವುವಾಗ ಕಂಬ, ತೊಲೆ, ಬೋದಿಗೆಗಳಿಗೆ ಕೂಡಲೇ ಗಿರಾಕಿ ಸಿಗುತ್ತಾರೆ. ಇಳಿಸಿದ ಕರಲು ಮಣ್ಣನ್ನು ಕೇಳುವವರಿಲ್ಲ. ಅದನ್ನು ಹೊಸ ಮನೆಯ ತಳಪಾಯಕ್ಕೆ ತುಂಬಿಸುವುದೂ ಸರಿಯಲ್ಲ, ಉಪ್ಪು ಗೋಡೆಗೇರಿ ಸುಣ್ಣಬಣ್ಣವನ್ನು ಉದುರಿಸುತ್ತದೆ.